ತೊಳೆಯುವ ತಟ್ಟೆ, ಎಸೆಯುವ ತಟ್ಟೆ: ಶಿಕಾಗೊ–ಡೆಟ್ರಾಯಿಟ್ ಶಾಲೆಗಳ ಊಟದ ಚರಿತ್ರೆ

ಶಿಕಾಗೊ ನಗರದ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟದ ಪ್ರಯೋಗ ಶುರುವಾದದ್ದು 1910ರಲ್ಲಿ. ಆರು ಶಾಲೆಗಳಿಗಾಗಿ ನಗರದ ಶಿಕ್ಷಣ ಮಂಡಳಿ 1,200 ಡಾಲರ್ ಮಂಜೂರು ಮಾಡಿತು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಶಾಲಾ ಊಟದ ಕಾಯ್ದೆಯಿಂದ ಈ ವ್ಯವಸ್ಥೆ ದೇಶಕ್ಕೆಲ್ಲ ಹರಡಿತು. ಆ ದಶಕಗಳಲ್ಲಿ ಮಕ್ಕಳು ಉಣ್ಣುತ್ತಿದ್ದುದು ತೊಳೆದು ಮತ್ತೆ ಬಳಸುವ ತಟ್ಟೆಗಳಲ್ಲಿ. ಅಡುಗೆಮನೆಗೆ ಹೊಂದಿಕೊಂಡೇ ಪಾತ್ರೆ ತೊಳೆಯುವ ಕೋಣೆ ಇರುತ್ತಿತ್ತು.

ಒಮ್ಮೆ ಬಳಸಿ ಎಸೆಯುವ ಪಾತ್ರೆಗೆ ದಾರಿ ಮಾಡಿಕೊಟ್ಟದ್ದು ರೋಗದ ಭಯ. ಶಾಲೆಗಳಲ್ಲಿ, ರೈಲುಗಳಲ್ಲಿ ಎಲ್ಲರೂ ಒಂದೇ ಲೋಟದಿಂದ ನೀರು ಕುಡಿಯುವುದನ್ನು 1909ರಲ್ಲಿ ಕಾನ್ಸಾಸ್ ರಾಜ್ಯ ನಿಷೇಧಿಸಿತು. ಬೇರೆ ರಾಜ್ಯಗಳೂ ಅದೇ ಹಾದಿ ಹಿಡಿದವು. ಕಾಗದದ ಲೋಟಕ್ಕೆ ಮಾರುಕಟ್ಟೆ ಸಿಕ್ಕಿತು. 1936ರಲ್ಲಿ ಶಿಕಾಗೊದಲ್ಲೇ ಸೋಲೊ ಕಂಪನಿ ಹುಟ್ಟಿತು. ಪಕ್ಕದ ಮಿಷಿಗನ್ ರಾಜ್ಯದಲ್ಲಿ, ಮಿಡ್‌ಲ್ಯಾಂಡ್‌ನ ಡೌ ಕೆಮಿಕಲ್ ಸಂಸ್ಥೆ 1940ರ ದಶಕದ ಆರಂಭದಲ್ಲಿ ಸ್ಟೈರೊಫೋಮ್ ತಯಾರಿಸಿತು. ಡೌ ಸಂಸ್ಥೆಯ ಈ ಸರಕು ತೇಲುವ ತೆಪ್ಪಕ್ಕೆ, ಕಟ್ಟಡಗಳ ಶಾಖನಿರೋಧಕ್ಕೆ ಬಳಕೆಯಾಯಿತು. ಅದೇ ಜಾತಿಯ ಪಾಲಿಸ್ಟೈರೀನ್ ನೊರೆಯಿಂದ, ಅಂದರೆ ಫೋಮಿನಿಂದ, ಲೋಟ ಮಾಡಿ 1960ರಲ್ಲಿ ಮಾರಾಟಕ್ಕಿಳಿದದ್ದು ಮಿಷಿಗನ್ನಿನ ಮೇಸನ್ ಊರಿನ ಡಾರ್ಟ್ ಕಂಪನಿ. 2012ರಲ್ಲಿ ಸೋಲೊ ಕಂಪನಿಯನ್ನೂ ಡಾರ್ಟ್ ಕೊಂಡುಕೊಂಡಿತು. ಹೀಗೆ ಎಸೆಯುವ ತಟ್ಟೆ–ಲೋಟಗಳ ಉದ್ಯಮ ಬೆಳೆದದ್ದರಲ್ಲಿ ಶಿಕಾಗೊ ಮತ್ತು ಮಿಷಿಗನ್ನಿನ ಪಾಲು ದೊಡ್ಡದು.

ಶಾಲೆಗಳಿಗೆ ಫೋಮ್ ತಟ್ಟೆ ಹಿಡಿಸಿದ್ದಕ್ಕೆ ಕಾರಣ ಲೆಕ್ಕಾಚಾರ. ಒಂದು ತಟ್ಟೆಗೆ ಸುಮಾರು ನಾಲ್ಕು ಸೆಂಟ್ ಬೀಳುತ್ತಿತ್ತು. ತೊಳೆಯುವ ಯಂತ್ರ ಬೇಡ, ಬಿಸಿನೀರು ಬೇಡ, ಆಳಿನ ಸಂಬಳವೂ ಬೇಡ. ತಟ್ಟೆಯ ಬಹುಪಾಲು ಗಾಳಿಯೇ ಆದ್ದರಿಂದ ಚಿಕ್ಕ ಮಗುವೂ ಸುಲಭವಾಗಿ ಎತ್ತಿಕೊಳ್ಳಬಹುದು. ಆದರೆ ಅರ್ಧ ಗಂಟೆಯೊಳಗೆ ಅದರ ಕೆಲಸ ಮುಗಿಯುತ್ತದೆ. ಸಾಸ್, ಹಾಲು ಮೆತ್ತಿದ ಫೋಮನ್ನು ಮರುಬಳಕೆಗೆ ಕೊಳ್ಳುವವರು ಇಲ್ಲ. ಹಗುರವಾದರೂ ಜಾಗ ಹೆಚ್ಚು ತಿನ್ನುವುದರಿಂದ ಕಸದ ಚೀಲಗಳು ಬೇಗ ತುಂಬುತ್ತವೆ.

ಫೋಮಿನ ವಿರುದ್ಧ ಮೊದಲ ದೊಡ್ಡ ಗೆಲುವು ಸಿಕ್ಕಿದ್ದು ಶಾಲೆಯಲ್ಲಲ್ಲ, ಹೋಟೆಲಿನಲ್ಲಿ. ಆಗ ಶಿಕಾಗೊ ಹೊರವಲಯದ ಓಕ್ ಬ್ರೂಕ್‌ನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಮೆಕ್‌ಡೊನಾಲ್ಡ್ಸ್, ಹ್ಯಾಂಬರ್ಗರ್ ಕೊಡುತ್ತಿದ್ದ ಫೋಮ್ ಡಬ್ಬಿಗಳನ್ನು ಕೈಬಿಡುವುದಾಗಿ 1990ರ ನವೆಂಬರಿನಲ್ಲಿ ಪ್ರಕಟಿಸಿತು. ಆ ಒತ್ತಡದಲ್ಲಿ ಶಾಲಾ ಮಕ್ಕಳ ಪತ್ರಗಳ ಪಾಲೂ ಇತ್ತು. ಆದರೂ ಅನೇಕ ಶಾಲೆಗಳ ಊಟದ ಮನೆಯಲ್ಲಿ ಫೋಮ್ ಇನ್ನೂ ಎರಡು ದಶಕಕ್ಕಿಂತ ಹೆಚ್ಚು ಕಾಲ ಉಳಿಯಿತು. ಗೊಬ್ಬರವಾಗಬಲ್ಲ ತಟ್ಟೆಗೆ ಮೂರು ಪಟ್ಟು ಬೆಲೆ ಇತ್ತು. ಊಟಕ್ಕೆ ಬರುವ ಅನುದಾನದಲ್ಲಿ ಅದನ್ನು ಹೊಂದಿಸಲು ಆಗುತ್ತಿರಲಿಲ್ಲ.

ಆ ಗಂಟು ಬಿಚ್ಚಿದ್ದು ಒಟ್ಟಾಗಿ ಕೊಳ್ಳುವ ಉಪಾಯ. 2012ರಲ್ಲಿ ಶಿಕಾಗೊ, ನ್ಯೂಯಾರ್ಕ್, ಲಾಸ್ ಏಂಜಲೀಸ್, ಮಯಾಮಿ, ಡಲ್ಲಾಸ್, ಒರ್ಲ್ಯಾಂಡೊ ಪ್ರದೇಶಗಳ ಶಾಲಾಡಳಿತಗಳು ಸೇರಿ ‘ಅರ್ಬನ್ ಸ್ಕೂಲ್ ಫುಡ್ ಅಲಯನ್ಸ್’ ಎಂಬ ಕೂಟ ಕಟ್ಟಿದವು. ಖರೀದಿ ಒಂದೇ ಕಡೆ ಸೇರಿದಾಗ ಬೆಲೆ ಇಳಿಯಿತು. ಮೇನ್ ರಾಜ್ಯದಲ್ಲಿ ಹುಹ್ಟಮಾಕಿ ಕಂಪನಿ ಕಾಗದದ ನಾರಿನಿಂದ ಅಚ್ಚುಹಾಕಿದ ದುಂಡು ತಟ್ಟೆ 4.9 ಸೆಂಟಿಗೆ ಸಿಕ್ಕಿತು. ವರ್ಷಕ್ಕೆ 22.5 ಕೋಟಿ ಫೋಮ್ ತಟ್ಟೆಗಳು ತಪ್ಪುತ್ತವೆ ಎಂದು 2015ರಲ್ಲಿ ಕೂಟ ಹೇಳಿತು.

ತಟ್ಟೆ ಬದಲಾದ ಮಾತ್ರಕ್ಕೆ ಕಸ ಗೊಬ್ಬರವಾಗುವುದಿಲ್ಲ. ಗೊಬ್ಬರದ ಘಟಕಕ್ಕೆ ಸಾಗಿಸುವ ಏರ್ಪಾಡಿಲ್ಲದ ಕಡೆ ಅದೂ ಭೂಭರ್ತಿಗೇ ಹೋಗುತ್ತದೆ. ಗಾಳಿಯಾಡದೆ ಕೊಳೆತು ಮೀಥೇನ್ ಹೊರಬಿಡುತ್ತದೆ. ಶಿಕಾಗೊ ಪಕ್ಕದ ಓಕ್ ಪಾರ್ಕ್‌ನ ‘ಸೆವೆನ್ ಜನರೇಶನ್ಸ್ ಅಹೆಡ್’ ಸಂಸ್ಥೆ ಶಾಲೆಗಳಿಗೆ ಕಲಿಸುತ್ತಿರುವುದು ಕಸದ ವಿಂಗಡಣೆಯನ್ನೇ. ಊಟ ಮುಗಿಸಿದ ಮಕ್ಕಳು ಮಿಕ್ಕ ಹಾಲನ್ನು ಬಕೆಟ್ಟಿಗೆ ಸುರಿಯಬೇಕು, ಎಂಜಲನ್ನು ಗೊಬ್ಬರದ ಡಬ್ಬಿಗೆ ಹಾಕಬೇಕು, ತಟ್ಟೆಗಳನ್ನು ಒಂದರೊಳಗೊಂದು ಜೋಡಿಸಬೇಕು. ಹಾಲು ಬೇರೆಯಾದರೆ ಚೀಲದ ಭಾರ ಇಳಿಯುತ್ತದೆ, ತಟ್ಟೆ ಜೋಡಿಸಿದರೆ ಗಾತ್ರ ಇಳಿಯುತ್ತದೆ.

ಮಿಷಿಗನ್ನಿನ ಡೆಟ್ರಾಯಿಟ್‌ನ ದಾರಿ ಇನ್ನೂ ಕಡಿದು. 1980ರ ದಶಕದಲ್ಲಿ ಕಟ್ಟಿದ ಭಾರಿ ದಹನ ಘಟಕ 2019ರ ಮಾರ್ಚಿನವರೆಗೂ ಊರಿನ ಕಸವನ್ನು ಸುಡುತ್ತಿತ್ತು. ಮನೆಮನೆಯಿಂದ ಮರುಬಳಕೆಯ ವಸ್ತು ಒಯ್ಯುವ ಸೌಲಭ್ಯ ನಗರಕ್ಕೆಲ್ಲ ಬಂದದ್ದು 2014ರಲ್ಲಷ್ಟೇ. ವಿಚಿತ್ರವೆಂದರೆ, ಸೋಡಾ ಮತ್ತು ಬಿಯರ್ ಬಾಟಲಿ ಹಿಂದಿರುಗಿಸಿದರೆ ಹತ್ತು ಸೆಂಟ್ ಕೊಡುವ ಕಾನೂನನ್ನು 1976ರಲ್ಲೇ ಮತ ಹಾಕಿ ತಂದ ರಾಜ್ಯ ಮಿಷಿಗನ್. ಅದೇ ರಾಜ್ಯ 2016ರಲ್ಲಿ ಇನ್ನೊಂದು ಕಾನೂನು ತಂದು, ಪ್ಲಾಸ್ಟಿಕ್ ಚೀಲ, ಲೋಟ, ಡಬ್ಬಿಗಳನ್ನು ನಿಷೇಧಿಸುವ ಅಧಿಕಾರವನ್ನು ಊರುಗಳಿಂದ ಕಿತ್ತುಕೊಂಡಿತು. ಅಲ್ಲಿ ಶಾಲೆಗಳು ಬದಲಾಗಬೇಕಾದರೆ ಸ್ವಂತ ತೀರ್ಮಾನದಿಂದಲೇ ಆಗಬೇಕು.

ಇದಕ್ಕೆ ಹೋಲಿಸಿದರೆ, ಕರ್ನಾಟಕದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಶಾಲಾ ಊಟ ಸಾಮಾನ್ಯವಾಗಿ ಸ್ಟೀಲ್ ತಟ್ಟೆಯಲ್ಲೇ ನಡೆಯುತ್ತದೆ. ಉಂಡ ಮಗು ನಲ್ಲಿಯ ಬಳಿ ತನ್ನ ತಟ್ಟೆ ತೊಳೆಯುವುದು ಅಲ್ಲಿ ಮಾಮೂಲು. ಅಮೆರಿಕದ ಶಾಲೆಗಳು ಕಳೆದುಕೊಂಡದ್ದು ಆ ತೊಳೆಯುವ ಏರ್ಪಾಡನ್ನು. ಗೊಬ್ಬರವಾಗುವ ತಟ್ಟೆ ಫೋಮಿಗಿಂತ ಮೇಲು, ನಿಜ. ಆದರೆ ಅದೂ ದಿನವೂ ಕೊಂಡು ದಿನವೂ ಎಸೆಯುವ ವಸ್ತುವೇ. ಕಸ ನಿಜವಾಗಿ ಕಡಿಮೆಯಾಗುವುದು ಶಾಲೆಯಲ್ಲಿ ಪಾತ್ರೆ ತೊಳೆಯುವ ಕೋಣೆ ಮತ್ತೆ ತೆರೆದಾಗಲೇ.