ಲಘು ವಿಮಾನಕ್ಕೊಂದು ಕೈ-ರೇಡಿಯೋ: ಕೊಳ್ಳುವ ಮುನ್ನ ಅರಿಯಬೇಕಾದ ಸಂಗತಿಗಳು

ನವಿ ಮುಂಬಯಿಯ ನೂತನ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡು, ಅದೇ ವರ್ಷದ ಡಿಸೆಂಬರ್ 25ರಿಂದ ವಿಮಾನ ಸಂಚಾರ ಆರಂಭವಾದ ತರುವಾಯ ಠಾಣೆ, ಡೊಂಬಿವಲಿ, ಕಲ್ಯಾಣಗಳ ನೆತ್ತಿಯ ಮೇಲಿನ ಆಗಸ ಮತ್ತಷ್ಟು ಕಿಕ್ಕಿರಿದಿದೆ. ಇಂತಹ ಆಗಸದಲ್ಲಿ ಹವ್ಯಾಸಿಗಳ ಅಲ್ಟ್ರಾಲೈಟ್ ವಿಮಾನಕ್ಕೆ ಎಡೆ ದೊರೆಯುವುದು ಸುಲಭವಲ್ಲ. ಕಲ್ಯಾಣದ ಸಮೀಪದ ನೇವಾಳಿಯಲ್ಲಿ ಎರಡನೆಯ ಮಹಾಯುದ್ಧ ಕಾಲದ ವಿಮಾನಪಟ್ಟಿಯೊಂದಿತ್ತಾದರೂ, ಅದರ ಹೆಸರು ಈಚೆಗೆ ಕೇಳಿಬಂದದ್ದು 2017ರ ರೈತರ ಜಮೀನು ಹೋರಾಟದಿಂದಲೇ ಹೊರತು ಹಾರಾಟದಿಂದಲ್ಲ. ಆದುದರಿಂದ ನಮ್ಮ ಮನೆಗಳ ಮಕ್ಕಳು ಹಾರುವ ಹಂಬಲದಿಂದ ತವರು ನಾಡಿನ ಜಕ್ಕೂರಿನತ್ತ ಮುಖ ಮಾಡುವುದು ಸಹಜವೇ ಆಗಿದೆ.

ಬೆಂಗಳೂರಿನ ಉತ್ತರದಲ್ಲಿರುವ ಜಕ್ಕೂರು ವಿಮಾನಾಂಗಣವು ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ನೆಲೆ. ಎನ್‌ಸಿಸಿ ವಾಯುದಳದ ಕೆಡೆಟ್‌ಗಳೂ ಮೈಕ್ರೋಲೈಟ್ ಹಾರಾಟದ ರುಚಿಯನ್ನು ಕಂಡ ತಾಣವಿದು. ಆದರೆ ಇದರ ನೆರೆಹೊರೆಯನ್ನು ಗಮನಿಸಬೇಕು. ಒಂದು ಕಡೆ ಯಲಹಂಕದ ವಾಯುಪಡೆ ನೆಲೆ, ಉತ್ತರಕ್ಕೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ, ದಕ್ಷಿಣಕ್ಕೆ ಎಚ್‌ಎಎಲ್. ಇವುಗಳ ನಡುವೆ ಹಾರುವ ಪುಟ್ಟ ವಿಮಾನವು ದಾರಿ ತಪ್ಪಿ ಕೆಲವೇ ನಿಮಿಷ ಸಾಗಿದರೂ ಯುದ್ಧವಿಮಾನದ ಇಲ್ಲವೇ ಪ್ರಯಾಣಿಕ ವಿಮಾನದ ಹಾದಿಗೆ ಅಡ್ಡ ಬರಬಹುದು. ಅಂತಹ ಗಳಿಗೆಯಲ್ಲಿ ಚಾಲಕನ ಕೈಯಲ್ಲಿರುವ ಅಂಗೈಯಗಲದ ರೇಡಿಯೋವೇ ಅವನಿಗೂ ನೆಲಕ್ಕೂ ಇರುವ ಏಕೈಕ ಕೊಂಡಿಯಾದೀತು.

ಮೊದಲು ಕಾನೂನಿನ ಮಾತು. ಇದನ್ನು ಕೊನೆಗೆ ಇಟ್ಟುಕೊಂಡವರು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾರೆ. ನಿಸ್ತಂತು ಉಪಕರಣವನ್ನು ಪರವಾನಗಿಯಿಲ್ಲದೆ ಇರಿಸಿಕೊಳ್ಳಬಾರದೆಂಬ ನಿಯಮ ನಮ್ಮ ದೇಶದಲ್ಲಿ 1933ರ ಕಾಯಿದೆಯಷ್ಟು ಹಳೆಯದು. ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಅನುಮೋದನೆ ಹಾಗೂ ಪರವಾನಗಿ ಅಗತ್ಯ. ಮಾತನಾಡುವ ವ್ಯಕ್ತಿಗೆ ಆರ್‌ಟಿಆರ್ ಎಂಬ ಪ್ರಮಾಣಪತ್ರ ಬೇಕು. ಈ ಪ್ರಮಾಣಪತ್ರದ ಹೊಣೆಯು ಹಿಂದೆ ಡಬ್ಲ್ಯೂಪಿಸಿಯದಾಗಿದ್ದು, 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದ ಅನ್ವಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ವರ್ಗಾವಣೆಗೊಂಡಿದೆ. ಆನ್‌ಲೈನ್ ಮಳಿಗೆಗಳಲ್ಲಿ ವಾಕಿಟಾಕಿಗಳ ಅಕ್ರಮ ಮಾರಾಟದ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ವಿದೇಶದಲ್ಲಿರುವ ಬಂಧುಗಳು ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದರಾಯಿತು ಎಂಬ ಆಲೋಚನೆಯೂ ಬೇಡ. ಸುಂಕದ ಕಟ್ಟೆಯಲ್ಲಿ ಆಮದು ಪರವಾನಗಿಯ ಪ್ರಶ್ನೆ ಎದುರಾಗುತ್ತದೆ.

ಇನ್ನು ಉಪಕರಣದ ವಿಚಾರ. ವೈಮಾನಿಕ ಸಂಭಾಷಣೆಯು 118ರಿಂದ 137 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ, ಎಎಂ ವಿಧಾನದಲ್ಲಿ ನಡೆಯುತ್ತದೆ. ಕಾವಲುಗಾರರ ಕೈಯಲ್ಲಿ ನಾವು ಕಾಣುವ ಅಗ್ಗದ ವಾಕಿಟಾಕಿಗಳು ಎಫ್‌ಎಂ ವಿಧಾನದವು. ಅವುಗಳಿಂದ ಗೋಪುರದೊಡನೆ ಮಾತನಾಡಲಾಗದು. ಹಳೆಯ ಎಎಂ ವಿಧಾನವನ್ನೇ ವಿಮಾನಗಳು ಏಕೆ ಉಳಿಸಿಕೊಂಡಿವೆಯೆಂದು ಕೆಲವರಿಗೆ ಅಚ್ಚರಿಯಾಗಬಹುದು. ಎಫ್‌ಎಂನಲ್ಲಿ ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಬಲವಾದ ಸಂಕೇತವು ದುರ್ಬಲವಾದುದನ್ನು ಪೂರ್ತಿ ಅಡಗಿಸಿಬಿಡುತ್ತದೆ. ಎಎಂನಲ್ಲಾದರೋ ಕೀರಲು ಸದ್ದು ಕೇಳಿಬಂದು, ಮತ್ತೊಬ್ಬನೂ ಕರೆಯುತ್ತಿದ್ದಾನೆಂಬುದು ನಿಯಂತ್ರಕರಿಗೆ ತಿಳಿಯುತ್ತದೆ. ಆಪತ್ತಿನಲ್ಲಿರುವ ದುರ್ಬಲ ದನಿಗೆ ಇದೊಂದು ಆಸರೆ.

ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವ 5 ಅಥವಾ 6 ವಾಟ್ ಎಂಬುದು ಶಿಖರ ಶಕ್ತಿ ಮಾತ್ರ. ನಿಜವಾದ ವಾಹಕ ಶಕ್ತಿ 1.5 ಇಲ್ಲವೇ 1.8 ವಾಟ್‌ನಷ್ಟಿರುತ್ತದೆ. ಇದರಿಂದ ಎದೆಗುಂದಬೇಕಾಗಿಲ್ಲ. ಈ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿಯಲ್ಲಿ ಸಾಗುವುದರಿಂದ ವಾಟ್‌ಗಿಂತ ಎತ್ತರವೇ ಮುಖ್ಯ. 300 ಮೀಟರ್ ಎತ್ತರದಲ್ಲಿರುವ ವಿಮಾನಕ್ಕೆ ರೇಡಿಯೋ ದಿಗಂತವು ಸುಮಾರು 70 ಕಿಲೋಮೀಟರ್ ದೂರದಲ್ಲಿರುತ್ತದೆ. ಅದೇ ವಿಮಾನ ಮಲಂಗಡದಂತಹ ಗುಡ್ಡದ ಮರೆಗೆ ಸರಿದರೆ ಹತ್ತಿರದ ಗೋಪುರಕ್ಕೂ ದನಿ ತಲಪದೆ ಹೋಗಬಹುದು.

ಜಪಾನಿನ ಐಕಾಮ್ ಮತ್ತು ಯಾಯೇಸು ಸಂಸ್ಥೆಗಳ ಕೈ-ರೇಡಿಯೋಗಳು ಜಗತ್ತಿನ ಹವ್ಯಾಸಿಗಳಲ್ಲಿ ಪ್ರಚಲಿತವಾಗಿವೆ. ಐಕಾಮ್‌ನ ಎ-25 ಸಿ ಮಾದರಿಯು ಕೇವಲ ಮಾತಿಗೆ. ಎ-25 ಎನ್ ಮಾದರಿಯಲ್ಲಿ ಜಿಪಿಎಸ್ ಮತ್ತು ಪಥದರ್ಶನದ ಸೌಲಭ್ಯಗಳೂ ಸೇರಿವೆ. ವಿಮಾನಾಂಗಣದ ಆಸುಪಾಸಿನಲ್ಲೇ ಹಾರುವವರಿಗೆ ಪಥದರ್ಶನದ ಸೌಲಭ್ಯ ಅನಗತ್ಯವೆಂದೇ ನಮ್ಮ ಅಭಿಪ್ರಾಯ. ಯುರೋಪಿನಲ್ಲಿ ಕಡ್ಡಾಯವಾಗಿರುವ 8.33 ಕಿಲೋಹರ್ಟ್ಜ್ ಅಂತರದ ಸೌಲಭ್ಯಕ್ಕೂ ಇದೇ ಮಾತು. ಇದ್ದರೆ ಲೇಸು, ಅದಕ್ಕಾಗಿಯೇ ಹೆಚ್ಚು ಹಣ ತೆರಬೇಕಾಗಿಲ್ಲ.

ಉಳಿದ ಹಣವನ್ನು ಹೆಡ್‌ಸೆಟ್‌ಗೂ ಆಂಟೆನಾಕ್ಕೂ ವಿನಿಯೋಗಿಸುವುದೇ ಜಾಣತನ. ತೆರೆದ ಅಲ್ಟ್ರಾಲೈಟ್‌ನಲ್ಲಿ ಎಂಜಿನ್ನಿನ ಅಬ್ಬರ ಮತ್ತು ಗಾಳಿಯ ಹೊಡೆತದ ನಡುವೆ ರೇಡಿಯೋದ ಸ್ವಂತ ಸ್ಪೀಕರ್ ಕೇಳಿಸುವುದೇ ಇಲ್ಲ. ಆದ್ದರಿಂದ ವೈಮಾನಿಕ ಹೆಡ್‌ಸೆಟ್ ಜೋಡಿಸುವ ತಂತಿ ಆ ಮಾದರಿಗೆ ದೊರೆಯುವುದೇ ಎಂದು ಮೊದಲು ವಿಚಾರಿಸಬೇಕು. ಮಾತಿನ ಗುಂಡಿಯನ್ನು ನಿಯಂತ್ರಣ ಕೋಲಿನ ಮೇಲೆಯೇ ಅಳವಡಿಸಿದರೆ ಕೈ ತೆಗೆಯುವ ಪ್ರಮೇಯವಿರುವುದಿಲ್ಲ. ದನಿ ಕೇಳಿದೊಡನೆ ತಾನಾಗಿ ಪ್ರಸಾರ ಆರಂಭಿಸುವ ವ್ಯವಸ್ಥೆಯನ್ನು ಇಲ್ಲಿ ಬಳಸಲೇಬಾರದು. ಎಂಜಿನ್ನಿನ ಸದ್ದನ್ನೇ ಅದು ಮಾತೆಂದು ಭಾವಿಸಿ, ಇಡೀ ವಿಮಾನಾಂಗಣದ ಸಂಭಾಷಣೆಗೆ ತಡೆಯೊಡ್ಡುತ್ತದೆ.

ರೇಡಿಯೋದೊಡನೆ ಬರುವ ಗಿಡ್ಡ ರಬ್ಬರ್ ಆಂಟೆನಾ ನೆಲದ ಮೇಲೆ ಸಾಕು, ಆಸನದಲ್ಲಿ ಕುಳಿತಾಗ ಸಾಲದು. ಈ ಪಟ್ಟಿಗೆ ಕಾಲು ಅಲೆಯ ಆಂಟೆನಾ ಸುಮಾರು 60 ಸೆಂಟಿಮೀಟರ್ ಉದ್ದವಿದ್ದು, ಅದರ ಬುಡಕ್ಕೆ ಲೋಹದ ತಗಡಿನ ಆಧಾರ ಬೇಕು. ಬಟ್ಟೆ ಹೊದಿಸಿದ ವಿಮಾನದಲ್ಲಿ ಈ ಆಧಾರವನ್ನು ಬೇರೆಯಾಗಿಯೇ ಒದಗಿಸಬೇಕಾಗುತ್ತದೆ. ಇಷ್ಟಾದರೂ ಕಿವಿಯಲ್ಲಿ ಸದಾ ಚಟಪಟ ಸದ್ದು ಕೇಳುತ್ತಿದ್ದರೆ ರೇಡಿಯೋವನ್ನು ದೂಷಿಸುವ ಮುನ್ನ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳತ್ತ ನೋಡಿರಿ. ರೆಸಿಸ್ಟರ್ ಇರುವ ಪ್ಲಗ್ ಮತ್ತು ಕವಚವಿರುವ ತಂತಿಗಳು ಈ ಉಪಟಳವನ್ನು ಬಹುಪಾಲು ತಗ್ಗಿಸುತ್ತವೆ.

ಬ್ಯಾಟರಿಯ ವಿಷಯದಲ್ಲಿ, ಸಾಮಾನ್ಯ ಪೆನ್ಸಿಲ್ ಸೆಲ್ ಹಾಕಬಹುದಾದ ಹೆಚ್ಚುವರಿ ಡಬ್ಬಿ ದೊರೆಯುವ ಮಾದರಿಗೇ ನಮ್ಮ ಒಲವು. ಠಾಣೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಸಾಮಾನಿನ ಪೆಟ್ಟಿಗೆಯಲ್ಲಿ ಅಲ್ಲ.

ಎಲ್ಲ ಸಿದ್ಧತೆಯ ನಂತರವೂ ರೇಡಿಯೋ ಮೂಕವಾಗಬಹುದು. ವಿಮಾನಾಂಗಣದ ಸ್ಥಳೀಯ ತರಂಗಾಂಕದ ಜೊತೆಗೆ ಆಪತ್ಕಾಲದ 121.5 ಮೆಗಾಹರ್ಟ್ಜ್ ಅನ್ನು ಮೊದಲೇ ಸ್ಮೃತಿಯಲ್ಲಿ ತುಂಬಿಸಿಡಿ. ಅದೂ ಕೈಕೊಟ್ಟರೆ ಗೋಪುರದತ್ತ ಕಣ್ಣಿಡಬೇಕು. ಹಾರುತ್ತಿರುವ ವಿಮಾನಕ್ಕೆ ಅಲ್ಲಿಂದ ಸ್ಥಿರ ಹಸಿರು ಬೆಳಕು ಕಂಡರೆ ಇಳಿಯಲು ಅನುಮತಿಯೆಂದೂ, ಸ್ಥಿರ ಕೆಂಪು ಕಂಡರೆ ಇತರರಿಗೆ ದಾರಿ ಬಿಟ್ಟು ಸುತ್ತು ಹಾಕುತ್ತಿರಬೇಕೆಂದೂ, ಮಿನುಗುವ ಕೆಂಪು ಕಂಡರೆ ಅಲ್ಲಿ ಇಳಿಯುವುದು ಅಪಾಯವೆಂದೂ ಅರ್ಥ.