ಮೈಯೊಳಗಿನ ಕಾವಲು

ಮನೆಯ ನಾಯಿ ಮನೆಯವರಿಗೆ ಬೊಗಳದು. ಅರ್ಬುದರೋಗದ, ಎಂದರೆ ಕ್ಯಾನ್ಸರಿನ, ಕಷ್ಟವೂ ಇದೇ; ಇಲ್ಲಿ ಕಳ್ಳನು ನಮ್ಮದೇ ಜೀವಕಣ.

1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿಯವರು ರೋಗಿಯೊಬ್ಬನಿಗೆ ರೋಗಾಣುಗಳನ್ನು ಚುಚ್ಚಿ ಜ್ವರ ಬರಿಸಿದರು, ಗೆಡ್ಡೆ ಕರಗತೊಡಗಿತು. ಕಾರಣ ವಿವರಿಸಲಾಗಲಿಲ್ಲ, ಬಹುಮಂದಿ ವೈದ್ಯರು ನಂಬಲಿಲ್ಲ.

ರಕ್ತದಲ್ಲಿ ಸಂಚರಿಸುವ ಟಿ ಕಣಗಳು, ಜೀವಕಣಗಳು ಮೇಲ್ಮೈಯಲ್ಲಿ ತೋರುವ ಪ್ರೋಟೀನಿನ ತುಣುಕುಗಳನ್ನು ಪರೀಕ್ಷಿಸಿ, ಅಪರಿಚಿತವಾದುದು ಕಂಡರೆ ಆ ಕಣವನ್ನು ಕೊಲ್ಲುತ್ತವೆಂದು ಈಗ ತಿಳಿದಿದೆ. ಆದರೆ ಈ ಕಾವಲುನಾಯಿಗೂ ಸರಪಳಿಯುಂಟು. 1996ರಲ್ಲಿ ಅಮೆರಿಕದ ಜೇಮ್ಸ್ ಆಲಿಸನ್ನರು ಇಲಿಗಳಲ್ಲಿ ಅದನ್ನು ಬಿಚ್ಚಿ, ಗೆಡ್ಡೆಗಳು ಕರಗುವುದನ್ನು ತೋರಿಸಿದರು. ಜಪಾನಿನ ತಾಸುಕು ಹೊಂಜೊ ಅವರು ಇನ್ನೊಂದು ಸರಪಳಿಯನ್ನು ಕಂಡುಹಿಡಿದಿದ್ದರು. 2018ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಈ ಚಿಕಿತ್ಸೆ ಎಲ್ಲರಿಗೂ ಫಲಿಸದು. ಬಿಚ್ಚಿಬಿಟ್ಟ ನಾಯಿ ಮನೆಯವರನ್ನೂ ಕಚ್ಚುವುದುಂಟು. ಆದರೂ 1936ರಲ್ಲಿ ತೀರಿಕೊಂಡ ಕೋಲಿಯವರು ಹಿಡಿದ ದಾರಿ ಸುಳ್ಳಾಗಲಿಲ್ಲ.