ಮಳೆಗಾಲದ ಕ್ಯಾಮೆರಾ: ಲೆನ್ಸ್ ಬಿಚ್ಚಿಡಬೇಕೋ, ಹಾಕಿಡಬೇಕೋ?

2020ರಲ್ಲಿ ಲಾಕ್‌ಡೌನ್ ಆದಾಗ ನನ್ನ ಕೆಲಸ ನಿಂತೇಹೋಯಿತು. ಸುದ್ದಿಗಿಷ್ಟು, ಫೋಟೊಗಿಷ್ಟು ಅಂತ ಲೆಕ್ಕ ಹಾಕಿ ದುಡ್ಡು ಕೊಡುವ ಕೆಲಸ ನಮ್ಮದು. ಓಡಾಟ ಇಲ್ಲ ಅಂದರೆ ಸಂಪಾದನೆಯೂ ಇಲ್ಲ. ಕ್ಯಾಮೆರಾ ಆದರೂ ಜೋಪಾನವಾಗಿರಲಿ ಅಂತ, ಲೆನ್ಸ್ ಬಿಚ್ಚಿ ಒಂದು ಡಬ್ಬಿಗೆ ಹಾಕಿದೆ. ಬಾಡಿಯನ್ನು ಹಳೇ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಬಾಡಿಯ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ ನನ್ನ ಹತ್ತಿರ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಕೊಟ್ಟವರು ಅದನ್ನು ಕೊಟ್ಟಿರಲಿಲ್ಲ.

ಹಾಗೆ ಇಡಬೇಕು ಅಂತ ಹೇಳಿಕೊಟ್ಟವರು ನಮ್ಮೂರಿನ ಹಳೇ ಸ್ಟುಡಿಯೋದವರು. "ಲೆನ್ಸ್ ಬೇರೆ, ಬಾಡಿ ಬೇರೆ. ಎರಡನ್ನೂ ಒಟ್ಟಿಗೆ ಮಲಗಿಸಬೇಡ" ಅನ್ನುತ್ತಿದ್ದರು. ಮೂವತ್ತು ವರ್ಷ ಮದುವೆ ಫೋಟೊ ತೆಗೆದವರ ಮಾತು. ನಾನು ಎದುರು ಮಾತಾಡಲಿಲ್ಲ.

ಮಲೆನಾಡಿನ ಮಳೆಗಾಲ ಪೂರ್ತಿ ಕ್ಯಾಮೆರಾ ಬೀರುವಿನಲ್ಲೇ ಇತ್ತು. ಅಡಿಕೆ ಸುಲಿತ ಶುರುವಾದಾಗ ಹೊರತೆಗೆದೆ. ಪಕ್ಕದ ಮನೆಯ ಅಜ್ಜಿ ಅಂಗಳದ ಬಿಸಿಲಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ನಗುತ್ತಿದ್ದರು. ಒಂದು ಫೋಟೊ ತೆಗೆದೆ. ಆ ಫೋಟೊಗೆ ಏನಾಯಿತು ಅಂತ ಕೊನೆಗೆ ಹೇಳುತ್ತೇನೆ. ಅದಕ್ಕೆ ಮುಂಚೆ, ಸ್ಟುಡಿಯೋದವರ ಆ ನಿಯಮ ಎಲ್ಲಿಂದ ಬಂತು ಅಂತ ನೋಡೋಣ. ಅದು ಸುಳ್ಳು ನಿಯಮ ಅಲ್ಲ. ಅದರ ಕಾಲ ಬೇರೆ ಆಗಿತ್ತು, ಅಷ್ಟೆ.

ಖಾಲಿ ಪೆಟ್ಟಿಗೆಯ ಕಾಲ

1839ರಲ್ಲಿ ಫ್ರಾನ್ಸಿನ ಡಾಗೇರ್ ತನ್ನ ಫೋಟೊ ವಿಧಾನವನ್ನು ಲೋಕದ ಮುಂದಿಟ್ಟ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಜಿರೂ ಎಂಬಾತ ಅದಕ್ಕೆ ಬೇಕಾದ ಕ್ಯಾಮೆರಾ ಮಾಡಿ ಮಾರಲು ಶುರು ಮಾಡಿದ. ಮರದ ಪೆಟ್ಟಿಗೆ, ಮುಂದೆ ಹಿತ್ತಾಳೆಯ ಕೊಳವೆಯಲ್ಲಿ ಕೂತ ಗಾಜು. ಶಟರ್ ಅನ್ನುವುದು ಇರಲಿಲ್ಲ. ಲೆನ್ಸಿನ ಮುಚ್ಚಳವನ್ನು ಕೈಯಲ್ಲಿ ಸರಿಸಿ, ನಿಮಿಷಗಟ್ಟಲೆ ಕಾದು, ಮತ್ತೆ ಮುಚ್ಚಬೇಕು. ಮುಚ್ಚಳವೇ ಶಟರ್. ಮರುವರ್ಷ ವಿಯೆನ್ನಾದಲ್ಲಿ ಪೆಟ್ಸ್‌ವಾಲ್ ಎಂಬ ಗಣಿತಜ್ಞ ಹೆಚ್ಚು ಬೆಳಕು ಬಿಡುವ ಲೆನ್ಸ್ ರೂಪಿಸಿದ. ಆಮೇಲೆ ಮನುಷ್ಯರ ಮುಖದ ಫೋಟೊ ತೆಗೆಯುವುದು ಸುಲಭವಾಯಿತು.

ಈ ತಂತ್ರ ನಮ್ಮ ಕಡೆಗೂ ಬೇಗನೇ ಬಂತು. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡಿನ ಗುಡಿಗಳ ಫೋಟೊ ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಗೆ ಹೋಗಿ, ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ಪಾಳು ಗುಡಿಗಳನ್ನು ಹಿಡಿದ. ಇವತ್ತು ಹಂಪಿಯಲ್ಲಿ ಯಾವ ಕಂಬ ಆಗ ನಿಂತಿತ್ತು, ಯಾವುದು ಬಿದ್ದಿತ್ತು ಎಂದು ನೋಡಲು ಆ ಚಿತ್ರಗಳೇ ಸಾಕ್ಷಿ.

ಆ ಕಾಲದ ಕ್ಯಾಮೆರಾದ ಒಂದು ಗುಣ ಗಮನಿಸಿ. ಪೆಟ್ಟಿಗೆಯ ಒಳಗೆ ಕಾಯಂ ಆಗಿ ಕೂತ ನಾಜೂಕು ವಸ್ತು ಯಾವುದೂ ಇರಲಿಲ್ಲ. ಚಿತ್ರ ಮೂಡುವ ಕಾಗದವನ್ನೋ ಗಾಜಿನ ಪ್ಲೇಟನ್ನೋ ಪ್ರತಿ ಸಲ ಹೊಸದಾಗಿ ಹಿಂದಿನಿಂದ ತೂರಿಸಬೇಕು, ಆದ ಮೇಲೆ ತೆಗೆಯಬೇಕು. ಹಾಗಾಗಿ ಲೆನ್ಸ್ ಬಿಚ್ಚಿಟ್ಟರೆ ಒಳಗೆ ಧೂಳು ಕೂರಬಹುದಿತ್ತೇ ಹೊರತು, ಕೆಡುವಂಥದ್ದು ಇರಲಿಲ್ಲ. ಫೋಟೊ ತೆಗೆಯುವ ಮುಂಚೆ ಬಟ್ಟೆಯಿಂದ ಒರೆಸಿದರೆ ಆಯಿತು. ಮುಂದೆ ಬಂದ ಮಡಚುವ ಮರದ ಕ್ಯಾಮೆರಾಗಳಲ್ಲಂತೂ ಲೆನ್ಸ್ ಬಿಚ್ಚದೆ ಪೆಟ್ಟಿಗೆ ಪೂರ್ತಿ ಮಡಚುವುದೇ ಕಷ್ಟ. ಲೆನ್ಸ್ ಬೇರೆ, ಬಾಡಿ ಬೇರೆ ಎಂಬ ಪದ್ಧತಿಯ ಬೇರು ಇಲ್ಲಿದೆ.

ಫಿಲ್ಮ್ ಬಂತು

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾ ತಂದ. ಬೆಲೆ 25 ಡಾಲರ್, ಒಳಗೆ 100 ಚಿತ್ರಕ್ಕೆ ಆಗುವ ಸುರುಳಿ. ಲೆನ್ಸ್ ಬಿಚ್ಚುವ ಮಾತೇ ಇಲ್ಲ. ಸುರುಳಿ ಮುಗಿದರೆ ಇಡೀ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು. ನಮ್ಮ ಪ್ರಶ್ನೆ ಕೊಡಾಕ್ ಹಿಡಿದವರಿಗೆ ಬರಲೇ ಇಲ್ಲ.

1925ರಲ್ಲಿ ಜರ್ಮನಿಯ ಲೈಕಾ ಬಂತು. ಜೇಬಿನಲ್ಲಿ ಹಿಡಿಯುವ ಆ ಕ್ಯಾಮೆರಾದ ಲೆನ್ಸ್ ಕೂಡ ಮೊದಲು ಕಾಯಂ. 1930ರಲ್ಲಿ ತಿರುಪು ಬಿಚ್ಚಿ ಲೆನ್ಸ್ ಬದಲಿಸುವ ಲೈಕಾ ಮಾಡಿದರು. ಆದರೆ ಆ ಮೊದಲ ಲೆನ್ಸ್‌ಗಳು ಆಯಾ ಬಾಡಿಗೆ ಮಾತ್ರ ಹೊಂದುತ್ತಿದ್ದವು, ಮದುವೆಯಾದ ಜೋಡಿಯ ಹಾಗೆ. ಮರುವರ್ಷ ಅಳತೆ ಒಂದೇ ಮಾಡಿದ ಮೇಲೆ ಯಾವ ಲೆನ್ಸ್ ಯಾವ ಬಾಡಿಗಾದರೂ ಕೂರತೊಡಗಿತು.

ಲೈಕಾದ ಶಟರ್ ರಬ್ಬರ್ ಹಚ್ಚಿದ ಬಟ್ಟೆಯ ಪರದೆ. ಲೆನ್ಸಿನ ಮುಚ್ಚಳ ಹಾಕದೆ ಕ್ಯಾಮೆರಾವನ್ನು ಸೂರ್ಯನ ಕಡೆ ಮುಖ ಮಾಡಿ ಇಟ್ಟರೆ, ನಾವು ಚಿಕ್ಕವರಿದ್ದಾಗ ಬೂದುಗನ್ನಡಿಯಿಂದ ಕಾಗದ ಸುಟ್ಟ ಹಾಗೆ ಆ ಪರದೆಗೆ ತೂತು ಬೀಳುತ್ತಿತ್ತು. ಲೆನ್ಸ್ ಹಾಕಿಡುವುದಾದರೆ ಮುಚ್ಚಳವೂ ಇರಲೇಬೇಕು ಎಂಬ ಪಾಠ ಅಲ್ಲಿಂದ ಬಂತು.

1959ರ ನಿಕಾನ್ ಎಫ್, ಆಮೇಲೆ 1976ರ ಪೆಂಟ್ಯಾಕ್ಸ್ ಕೆ1000, ಇವೆಲ್ಲ ಲೆನ್ಸ್ ತಿರುಗಿಸಿ ಬಿಚ್ಚುವ ಫಿಲ್ಮ್ ಕ್ಯಾಮೆರಾಗಳು. ನಮ್ಮ ಸ್ಟುಡಿಯೋದವರು ಕಲಿತದ್ದು ಇಂಥದ್ದರಲ್ಲೇ. ಫಿಲ್ಮ್ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಫಿಲ್ಮಿನ ಹೊಸ ಭಾಗ ಮುಂದೆ ಬರುತ್ತದೆ. ಒಂದರ ಮೇಲೆ ಧೂಳು ಕೂತರೆ ಆ ಒಂದು ಚಿತ್ರ ಕೆಡುತ್ತದೆ, ಧೂಳು ಫಿಲ್ಮಿನ ಜೊತೆಗೇ ಮುಂದೆ ಹೋಗುತ್ತದೆ. ಮನೆಯಲ್ಲಿ ಇಡುವಾಗ ಫಿಲ್ಮೂ ಒಳಗಿರುವುದಿಲ್ಲ. ಹಾಗಾಗಿ ಅವರಿಗೆ ಬಾಡಿಯ ಚಿಂತೆ ಕಡಿಮೆ, ಲೆನ್ಸಿನ ಚಿಂತೆ ಜಾಸ್ತಿ. ಆ ಚಿಂತೆಗೆ ಕಾರಣ ಬೂಷ್ಟು.

ಯುದ್ಧ ಕಲಿಸಿದ ಪಾಠ

ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿಯಂಥ ಮಳೆಕಾಡುಗಳಲ್ಲಿ ಹೋರಾಡಿದ ಸೈನ್ಯಗಳಿಗೆ ವಿಚಿತ್ರ ತೊಂದರೆ ಎದುರಾಯಿತು. ದುರ್ಬೀನು, ಗುರಿ ಹಿಡಿಯುವ ಉಪಕರಣಗಳ ಗಾಜಿನ ಒಳಗೇ ಬೂಷ್ಟು ಬೆಳೆದು ಏನೂ ಕಾಣದಂತಾಯಿತು. ಆಸ್ಟ್ರೇಲಿಯಾದ ವಿಜ್ಞಾನಿಗಳು ಇದಕ್ಕೆ ಮದ್ದು ಹುಡುಕಲು ಕೂತರು.

ಬೂಷ್ಟು ಗಾಜನ್ನು ತಿನ್ನುವುದಿಲ್ಲ. ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡು ಅದಕ್ಕೆ ಊಟ. ತೇವ, ಕತ್ತಲೆ, ಆಡದ ಗಾಳಿ ಸಿಕ್ಕರೆ ಬೆಳೆಯುತ್ತದೆ. ಬೆಳೆಯುತ್ತಾ ಬಿಡುವ ಆಮ್ಲ ಲೆನ್ಸಿನ ಮೇಲಿನ ಲೇಪವನ್ನು ಕೊರೆಯುತ್ತದೆ. ಆ ಗುರುತು ಒರೆಸಿದರೆ ಹೋಗುವುದಿಲ್ಲ.

ಈಗ ನೋಡಿ, ಬೂಷ್ಟಿಗೆ ಲೆನ್ಸ್ ಬಾಡಿಗೆ ಅಂಟಿದೆಯೋ ಬಿಟ್ಟಿದೆಯೋ ಎನ್ನುವುದು ಮುಖ್ಯವೇ ಅಲ್ಲ. ಎಲ್ಲಿ ಇಟ್ಟಿದ್ದೀರಿ ಎನ್ನುವುದು ಮುಖ್ಯ. ಚರ್ಮದ ಚೀಲ, ಹತ್ತಿ ಬಟ್ಟೆ, ಗೋಡೆಗೆ ತಾಗಿದ ಬೀರು, ಇವೆಲ್ಲ ಮಳೆಗಾಲದಲ್ಲಿ ತೇವ ಹೀರಿ ಹಿಡಿದಿಡುತ್ತವೆ. ನಾನು ಸುತ್ತಿದ ಪಂಚೆ ಕ್ಯಾಮೆರಾವನ್ನು ಕಾಯಲಿಲ್ಲ, ಬೂಷ್ಟನ್ನು ಸಾಕಿತು.

ಒಂದೇ ಕಣ್ಣು

2003ರಲ್ಲಿ ಕ್ಯಾನನ್ 300ಡಿ ಬಂತು. 1000 ಡಾಲರಿಗಿಂತ ಕಡಿಮೆಗೆ ಲೆನ್ಸ್ ಬದಲಿಸುವ ಡಿಜಿಟಲ್ ಕ್ಯಾಮೆರಾ ಸಿಗತೊಡಗಿತು. ಇಲ್ಲಿ ಫಿಲ್ಮಿನ ಜಾಗದಲ್ಲಿ ಸೆನ್ಸರ್ ಇದೆ. ಅದು ಮುಂದೆ ಸರಿಯುವುದಿಲ್ಲ, ಬದಲಾಗುವುದಿಲ್ಲ. ಮೊದಲ ಚಿತ್ರಕ್ಕೂ ಲಕ್ಷದ ಚಿತ್ರಕ್ಕೂ ಅದೇ ಕಣ್ಣು. ಅದರ ಮೇಲಿನ ಗಾಜಿನಲ್ಲಿ ಒಂದು ಧೂಳು ಕೂತರೆ, ಒರೆಸುವವರೆಗೆ ಎಲ್ಲ ಫೋಟೊದಲ್ಲೂ ಅದೇ ಜಾಗದಲ್ಲಿ ಕಲೆ.

ತಯಾರಕರಿಗೂ ಇದು ಗೊತ್ತಿತ್ತು. ಅದೇ 2003ರಲ್ಲಿ ಒಲಿಂಪಸ್ ಇ-1 ಕ್ಯಾಮೆರಾದಲ್ಲಿ ಸೆನ್ಸರ್ ಮುಂದಿನ ಗಾಜನ್ನು ನಡುಗಿಸಿ ಧೂಳು ಉದುರಿಸುವ ವ್ಯವಸ್ಥೆ ಬಂತು. 2008ರಿಂದ ಬಂದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಮುಂದೆ ಅಡ್ಡವಾಗಿದ್ದ ಕನ್ನಡಿಯೂ ಹೋಯಿತು. ಲೆನ್ಸ್ ಬಿಚ್ಚಿದರೆ ಬಹಳಷ್ಟರಲ್ಲಿ ಸೆನ್ಸರ್ ನೇರ ಕಾಣುತ್ತದೆ. 2018ರ ಕ್ಯಾನನ್ ಇಒಎಸ್ ಆರ್, ಆಫ್ ಮಾಡಿದ ಕೂಡಲೇ ಶಟರ್ ಮುಚ್ಚಿಕೊಳ್ಳುವಂತೆ ಮಾಡಿದ್ದು ಇದಕ್ಕೇ.

ಅಂದರೆ ನಿಯಮ ತಿರುಗುಮುರುಗು ಆಯಿತು. ಪ್ಲೇಟಿನ ಕಾಲದಲ್ಲಿ ಪೆಟ್ಟಿಗೆ ಖಾಲಿ, ಆದ್ದರಿಂದ ಲೆನ್ಸ್ ಬಿಚ್ಚಿಡಬಹುದಿತ್ತು. ಈಗ ಪೆಟ್ಟಿಗೆಯೊಳಗೇ ಕಣ್ಣು ಇದೆ, ಆದ್ದರಿಂದ ಬಾಯಿ ತೆರೆದಿಡಬಾರದು. ದಿನವೂ ಬಳಸುವ ಕ್ಯಾಮೆರಾ ಆದರೆ ಲೆನ್ಸ್ ಹಾಕಿಯೇ ಇಡಿ, ಮುಂದಿನ ಮುಚ್ಚಳ ಹಾಕಿ. ಬಿಚ್ಚಲೇಬೇಕಾದರೆ ಬಾಡಿಗೊಂದು, ಲೆನ್ಸಿನ ಹಿಂಭಾಗಕ್ಕೊಂದು ಮುಚ್ಚಳ ಕಡ್ಡಾಯ. ಉದ್ದದ, ಭಾರದ ಲೆನ್ಸ್ ಇದ್ದರೆ ಮಾತ್ರ ಬಿಚ್ಚಿಡುವುದು ಒಳ್ಳೆಯದು. ಇಲ್ಲದಿದ್ದರೆ ಅದರ ಭಾರವೆಲ್ಲ ಜೋಡಿಸುವ ಬಳೆಯ ಮೇಲೆ ಬೀಳುತ್ತದೆ.

ಮಳೆಗಾಲಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳು ಗುಲಾಬಿ ಆದರೆ ತೇವ ಹೀರಿ ತುಂಬಿದೆ ಅಂತ. ಹದವಾಗಿ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿಯಲ್ಲಿ ಹೂತಿಡಬೇಡಿ, ಅಕ್ಕಿಯ ಹುಡಿ ಒಳಗೆ ಹೋಗುತ್ತದೆ. ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಫೋಟೊ ತೆಗೆಯಿರಿ. ಸೆನ್ಸರಿನಲ್ಲಿ ಕಲೆ ಇದೆಯೇ ನೋಡಲು ಅಪರ್ಚರ್ 16ಕ್ಕೆ ಇಟ್ಟು ಬಿಳಿ ಗೋಡೆಯ ಅಥವಾ ಖಾಲಿ ಆಕಾಶದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ನಾನು ಅಷ್ಟು ಮಾಡಿದ್ದರೆ ಸಾಕಿತ್ತು.

ಅಜ್ಜಿಯ ಫೋಟೊ

ಮರುವರ್ಷ ಅಜ್ಜಿ ತೀರಿಕೊಂಡರು. ಮೊಮ್ಮಗ ಬಂದು, "ಆಧಾರ್ ಕಾರ್ಡಿನದ್ದು ಬಿಟ್ಟರೆ ನಮ್ಮ ಹತ್ತಿರ ಒಂದೂ ಒಳ್ಳೇ ಫೋಟೊ ಇಲ್ಲ. ನೀನು ತೆಗೆದದ್ದು ಇದೆಯಲ್ಲ?" ಅಂದ. ಮೊಬೈಲಿನಲ್ಲಿ ಚೆನ್ನಾಗೇ ಕಂಡಿತ್ತು. ಗೋಡೆಗೆ ಹಾಕುವ ಅಳತೆಗೆ ದೊಡ್ಡದು ಮಾಡಿದಾಗ ಕಲೆಗಳು ಎದ್ದು ಬಂದವು. ಅಂಗಳದಲ್ಲಿ ಏಳೆಂಟು, ಕೆನ್ನೆಯ ಮೇಲೆ ಎರಡು.

ಪೇಟೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಎಲ್ಲ ಅಳಿಸಿ, ಮುಖ ನುಣುಪು ಮಾಡಿ ಕೊಟ್ಟರು. ಚೌಕಟ್ಟು ಹಾಕಿ ಮನೆಗೆ ತಂದ ಮೇಲೆ ಮಗಳು ತುಂಬ ಹೊತ್ತು ನೋಡಿ ಕೇಳಿದರು, "ಅಮ್ಮನ ಮಚ್ಚೆ ಎಲ್ಲಿ?"

ಎರಡು ಕಲೆಯಲ್ಲಿ ಒಂದು ಧೂಳು. ಇನ್ನೊಂದು ಅಜ್ಜಿಯದ್ದೇ ಮಚ್ಚೆ. ಅಳಿಸಿದವರಿಗೆ ಅದು ಗೊತ್ತಾಗುವ ಹಾಗಿರಲಿಲ್ಲ. ಮೂಲ ಫೈಲ್ ನನ್ನ ಹತ್ತಿರ ಇದ್ದದ್ದರಿಂದ ಮಚ್ಚೆ ಉಳಿಸಿ ಇನ್ನೊಂದು ಪ್ರತಿ ಮಾಡಿಸಿಕೊಟ್ಟೆ. ಆ ಸಂಜೆಯೇ ಬಾಡಿಗೆ ಹಾಕುವ ಮುಚ್ಚಳವನ್ನೂ ಕೊಂಡು ತಂದೆ.